ಮಾವನ ಕಂಬಳಿ, ಸೇಲಾದ ಚಳಿ

ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಓದುಗರೊಬ್ಬರು ಒಂದು ಕಾರ್ಡು ಬರೆದಿದ್ದಾರೆ. ಅಕ್ಷರ ದುಂಡಗಿದೆ, ಪ್ರಶ್ನೆ ಚೂಪಾಗಿದೆ. ‘ಕುರಿ ಕಾಯುತ್ತಿದ್ದ ನಮ್ಮ ತಾತ ಮಳೆಯಲ್ಲಿ ನೆಂದ ಕಂಬಳಿಯನ್ನೇ ಹೊದ್ದು ಮಲಗುತ್ತಿದ್ದರು. ಚಳಿಯಾಗುವುದಿಲ್ಲವೇ ಎಂದರೆ, ನೆಂದ ಪಂಚೆಗಿಂತ ನೆಂದ ಕಂಬಳಿ ವಾಸಿ ಕಣೋ ಅನ್ನುತ್ತಿದ್ದರು. ಇದು ವಿಜ್ಞಾನವೋ ಬಡತನವೋ, ತಿಳಿಸಿ.’

ಎರಡೂ ಹೌದು ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಆ ಕಾರ್ಡು ಓದಿದ ದಿನ ನನಗೆ ನೆನಪಾದದ್ದು ನನ್ನ ಸೋದರಮಾವ. ಮುಳಬಾಗಿಲು ತಾಲ್ಲೂಕಿನ ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯವನು. ಬಲಗಾಲಿನಲ್ಲಿ ಅವನಿಗೆ ಎರಡೇ ಬೆರಳು. ಉಳಿದ ಮೂರನ್ನು 1962ರ ಚಳಿ ತಿಂದಿತ್ತು.

ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಆ ಕಾಲನ್ನು ನೋಡುವುದಕ್ಕೆಂದೇ ಅವನ ಮನೆಗೆ ಹೋಗುತ್ತಿದ್ದೆವು. ಗುಂಡು ತಗುಲಿತ್ತೇ ಮಾವ ಎಂದರೆ, ‘ಗುಂಡಾದರೆ ಮರ್ಯಾದೆ ಇರುತ್ತಿತ್ತು, ಇದು ಬರೀ ಥಂಡಿ’ ಎನ್ನುತ್ತಿದ್ದ. ಅವನು ಸೈನ್ಯದಲ್ಲಿ ಲಾರಿ ಡ್ರೈವರ್. ಅಸ್ಸಾಮಿನ ತೇಜ್‌ಪುರದಿಂದ ಬೊಮ್‌ಡಿಲಾ, ಅಲ್ಲಿಂದ ಸೇಲಾ ಕಣಿವೆಯ ಕಡೆಗೆ ಸಾಮಾನು ಹೊರುವ ಕೆಲಸ. ಊರು ಬಿಡುವಾಗ ನನ್ನ ಅಜ್ಜಿ ಒಂದು ಕರೀ ಗೊಂಗಡಿಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ನಮ್ಮ ಕಡೆ ಮನೆಮಾತು ತೆಲುಗು ಆದವರು ಕಂಬಳಿಗೆ ಗೊಂಗಡಿ ಅನ್ನುತ್ತಾರೆ. ಸೈನ್ಯದ ಸಾಮಾನು ಪಟ್ಟಿಯಲ್ಲಿ ಇಲ್ಲದ ವಸ್ತು ಎಂದು ಮೇಲಿನವರೊಬ್ಬರು ಅದನ್ನು ಡಿಪೋದಲ್ಲೇ ಬಿಡಿಸಿದರು. ಮಾವ ಹೊರಟದ್ದು ಹತ್ತಿಯ ಹಸಿರು ಸಮವಸ್ತ್ರ, ಒಂದು ಜೆರ್ಸಿ, ಸರ್ಕಾರಿ ಹೊದಿಕೆ ಒಂದು, ಕ್ಯಾನ್ವಾಸ್ ಶೂ, ಇಷ್ಟರಲ್ಲಿ.

ಕೋಲಾರದವನಿಗೆ ಚಳಿ ಗೊತ್ತಿಲ್ಲವೆಂದಲ್ಲ. ಧನುರ್ಮಾಸದ ಬೆಳಗ್ಗೆ ಕೋಲಾರದ ಟೊಮೆಟೊ ಮಂಡಿಗೆ ಬಂದು ನೋಡಿ. ಹಮಾಲಿಗಳು ತಲೆಗೆ ಟವೆಲು ಸುತ್ತಿ, ಕ್ರೇಟುಗಳ ಮರೆಯಲ್ಲಿ ಬೆಂಕಿ ಕಾಯಿಸುತ್ತಾ, ಬಾಯಲ್ಲಿ ಹೊಗೆ ಬಿಡುತ್ತಾ ಕೂತಿರುತ್ತಾರೆ. ಅಂಥ ಬೆಳಗಿನಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಈಗ ಒಂದು ಲೆಕ್ಕ. ಕೋಲಾರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಸೇಲಾ ಕಣಿವೆ ಸುಮಾರು 4,170 ಮೀಟರ್. ಪ್ರತಿ ಕಿಲೋಮೀಟರ್ ಮೇಲೇರಿದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ವ್ಯತ್ಯಾಸ 3.35 ಕಿ.ಮೀ., ಅಂದರೆ ಸುಮಾರು 22 ಡಿಗ್ರಿ. ನಮ್ಮ ಕೋಲಾರವನ್ನೇ ಎತ್ತಿ ಸೇಲಾದ ಎತ್ತರಕ್ಕೆ ಇಟ್ಟರೂ ಬೆಳಗಿನ ಉಷ್ಣತೆ ಸೊನ್ನೆಗಿಂತ 7 ಡಿಗ್ರಿ ಕೆಳಗೆ. ಇದು ಬರೀ ಎತ್ತರದ ಲೆಕ್ಕ. ಸೇಲಾ ನಮಗಿಂತ ಬಹಳ ಉತ್ತರಕ್ಕಿದೆ ಎಂಬುದನ್ನೂ, ಅಲ್ಲಿನ ಗಾಳಿಯನ್ನೂ ಇನ್ನೂ ಸೇರಿಸಿಲ್ಲ.

ಗಾಳಿಯ ಪಾತ್ರವನ್ನು ಮೊದಲು ಅಳೆದವರು ಅಂಟಾರ್ಕ್ಟಿಕಾದಲ್ಲಿದ್ದ ಇಬ್ಬರು ಅಮೆರಿಕನ್ನರು, ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಗಾಳಿಗೆ ನೇತುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. 1945ರಲ್ಲಿ ಪ್ರಕಟಿಸಿದರು. ಎಷ್ಟು ಸರಳವಾದ ಪ್ರಯೋಗ! ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಡಬ್ಬಿಯೂ ಇದೆ, ನೀರೂ ಇದೆ. ಅಂಟಾರ್ಕ್ಟಿಕಾ ಒಂದು ಇಲ್ಲ.

ಬಟ್ಟೆ ಬೆಚ್ಚಗಿರುತ್ತದೆ ಎಂದು ನಾವು ಹೇಳುವ ಮಾತೇ ತಪ್ಪು. ಬಟ್ಟೆಗೆ ತನ್ನದೆಂಬ ಬಿಸಿಯಿಲ್ಲ. ಬಿಸಿ ನಮ್ಮದು, ತಿಂದ ಮುದ್ದೆಯದು. ಆ ಬಿಸಿ ಹೊರಗೆ ಓಡಿಹೋಗದ ಹಾಗೆ ತಡೆಯುವುದಷ್ಟೇ ಬಟ್ಟೆಯ ಕೆಲಸ. ಅದನ್ನೂ ಬಹುಪಾಲು ಮಾಡುವುದು ನೂಲಲ್ಲ, ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಬಹಳ ಕಷ್ಟಪಟ್ಟು ಸಾಗಿಸುತ್ತದೆ. ನೀರು ಅದರ ಸುಮಾರು 25 ಪಟ್ಟು ಸಲೀಸಾಗಿ ಸಾಗಿಸುತ್ತದೆ. ಬಟ್ಟೆ ನೆನೆಯಿತು ಎಂದರೆ ಗಾಳಿ ಇದ್ದ ಜಾಗಕ್ಕೆ ನೀರು ಬಂದು ಕೂತಿತು ಎಂದರ್ಥ. ಕಾವಲುಗಾರನ ಕೋಣೆಗೆ ಕಳ್ಳನೇ ಬಂದು ಕೂತ ಹಾಗೆ. ಮೇಲಾಗಿ ಆ ನೀರು ಆರುವಾಗ ಪ್ರತಿ ಗ್ರಾಮಿಗೆ 580ರಷ್ಟು ಕ್ಯಾಲರಿ ಶಾಖವನ್ನು ಎಲ್ಲಿಂದಲಾದರೂ ಕಿತ್ತುಕೊಳ್ಳಲೇಬೇಕು. ಹತ್ತಿರ ಸಿಗುವುದು ಮೈಯೇ.

ಹತ್ತಿಯ ನೂಲು ನೆಂದರೆ ಮೆತ್ತಗಾಗಿ ಮೈಗೆ ಅಂಟಿಕೊಳ್ಳುತ್ತದೆ, ಗಾಳಿಯ ಜಾಗ ಮುಚ್ಚಿಹೋಗುತ್ತದೆ. ಸೆಖೆಯಲ್ಲಿ ಇದೇ ಸುಖ. ಹತ್ತಿ ನಮ್ಮ ನಾಡಿನ ಬಟ್ಟೆಯಾದದ್ದು ಅದಕ್ಕೇ. ಕುರಿಯ ಉಣ್ಣೆಯ ಎಳೆ ಹಾಗಲ್ಲ. ಅದು ಸ್ಪ್ರಿಂಗಿನ ಹಾಗೆ ಗುಂಗುರು ಗುಂಗುರು. ಹಿಂಡಿದರೂ ಮತ್ತೆ ಎದ್ದು ನಿಲ್ಲುತ್ತದೆ, ನಡುವೆ ಗಾಳಿಗೆ ಜಾಗ ಉಳಿಸುತ್ತದೆ. ಎಳೆಯ ಹೊರಮೈ ನೀರನ್ನು ದೂಡುತ್ತದೆ, ಒಳಮೈ ತೇವವನ್ನು ಹೀರುತ್ತದೆ. ತನ್ನ ತೂಕದ ಹತ್ತಿರ ಹತ್ತಿರ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಇನ್ನೊಂದು ವಿಚಿತ್ರ: ಒಣ ಉಣ್ಣೆ ತೇವ ಹೀರುವಾಗ ಸ್ವಲ್ಪ ಶಾಖ ಬಿಡುಗಡೆಯಾಗುತ್ತದೆ. ಮಾಲೂರಿನ ತಾತ ಮೋಸಹೋಗಿರಲಿಲ್ಲ.

ನಮ್ಮ ಕುರುಬರ ಕಂಬಳಿಗೆ ಇನ್ನೊಂದು ಉಪಾಯವೂ ಸೇರಿದೆ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು, ಬೇಯಿಸಿದ ಗಂಜಿಯನ್ನು ಹಚ್ಚುತ್ತಾರೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುವುದು, ಮೂಗಿಗೆ ಒಂದು ಬಗೆಯ ಘಾಟು ಹೊಡೆಯುವುದು ಅದರಿಂದಲೇ. ಮಳೆಹನಿ ಅದರ ಮೇಲಿಂದ ಜಾರುತ್ತದೆ. ಒಂದು ತುದಿಯನ್ನು ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡರೆ ತಲೆ, ಕುತ್ತಿಗೆ, ಬೆನ್ನು ಮೂರಕ್ಕೂ ಒಂದೇ ರಕ್ಷಣೆ. ಬೆನ್ನಿಗೂ ಕಂಬಳಿಗೂ ನಡುವೆ ಗಾಳಿಯ ಪದರ ಬೇರೆ. ಇದನ್ನು ರೂಪಿಸಿದವರು ಯಾರೂ ಬಿ.ಎಸ್ಸಿ. ಓದಿದವರಲ್ಲ.

ಈಗ 1962ಕ್ಕೆ ಬರೋಣ. ಆ ವರ್ಷ ಅಕ್ಟೋಬರ್ 20ರ ಬೆಳಗಿನ ಜಾವ ತವಾಂಗಿನ ಪಶ್ಚಿಮಕ್ಕಿರುವ ನಮ್ಕಾ ಚು ಹೊಳೆಯ ದಡದಲ್ಲಿ ಚೀನೀ ಸೈನ್ಯ ನಮ್ಮ 7ನೇ ಬ್ರಿಗೇಡಿನ ಮೇಲೆ ಬಿದ್ದಿತು. ಅದರ ನಾಯಕ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಬಿಡುಗಡೆಯಾಗಿ ಬಂದ ಮೇಲೆ 1969ರಲ್ಲಿ ಪ್ರಕಟಿಸಿದ ‘ಹಿಮಾಲಯನ್ ಬ್ಲಂಡರ್’ ಪುಸ್ತಕ ರವಿ ಬೆಳಗೆರೆಯವರ ಅನುವಾದದಿಂದ ಕನ್ನಡಿಗರಲ್ಲಿ ಅನೇಕರಿಗೆ ಪರಿಚಿತ. ಅದನ್ನು ಓದಿದವರಿಗೆ ಗುಂಡಿಗಿಂತ ಹೆಚ್ಚಾಗಿ ನೆನಪುಳಿಯುವುದು ಬಟ್ಟೆ. ಬಯಲುಸೀಮೆಯಿಂದ ಅವಸರದಲ್ಲಿ ಮೇಲೆ ತಂದ ರಜಪೂತ, ಗೂರ್ಖಾ ಪಡೆಗಳ ಜವಾನರು ಬೇಸಿಗೆಯ ಹತ್ತಿ ಸಮವಸ್ತ್ರದಲ್ಲಿ, ಒಂದು ಹೊದಿಕೆಯಲ್ಲಿ, 13 ಸಾವಿರ ಅಡಿ ಮೀರಿದ ಕಣಿವೆ ದಾಟಿ ಬಂದಿದ್ದರು. ಚಳಿಯ ಬಟ್ಟೆಗಳನ್ನು ವಿಮಾನದಿಂದ ತ್ಸಾಂಗ್‌ಧರ್ ಎಂಬಲ್ಲಿ ಕೆಳಗೆ ಹಾಕುತ್ತಿದ್ದರು. ಹಾಕಿದ್ದರಲ್ಲಿ ಬಹುಪಾಲು ಕಮರಿಗೆ ಉರುಳಿತು. ಯುದ್ಧ ಶುರುವಾಗುವ ಮೊದಲೇ ಚಳಿಯಿಂದ, ಎತ್ತರದ ಕಾಯಿಲೆಯಿಂದ ಜವಾನರು ಸಾಯತೊಡಗಿದ್ದರು.

ಲಡಾಖಿನಲ್ಲಿ ಅದೇ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ 13ನೇ ಕುಮಾವೂಂ ಪಡೆಯ ಒಂದು ಕಂಪನಿ 16 ಸಾವಿರ ಅಡಿಗೂ ಮೇಲೆ ನಿಂತು ಹೋರಾಡಿತು. ನಾಯಕ ಮೇಜರ್ ಶೈತಾನ್ ಸಿಂಗ್ ರಾಜಸ್ತಾನದವರು, ಜವಾನರಲ್ಲಿ ಹೆಚ್ಚಿನವರು ಇಂದಿನ ಹರಿಯಾಣದ ಬಯಲಿನ ರೈತರ ಮಕ್ಕಳು. ಸುಮಾರು 120 ಮಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1963ರ ಫೆಬ್ರವರಿಯಲ್ಲಿ ಅತ್ತ ಹೋದ ಕುರಿಗಾಹಿಯೊಬ್ಬನ ಕಣ್ಣಿಗೆ ಅವರ ದೇಹಗಳು ಬಿದ್ದವು. ಕೈಯಲ್ಲಿ ಬಂದೂಕು ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಕುರಿಗಾಹಿ ಎಂಬ ಮಾತು ಓದುವಾಗಲೆಲ್ಲ ಅವನ ಮೈಮೇಲೆ ಏನಿತ್ತು ಎಂದು ನಾನು ಯೋಚಿಸುತ್ತೇನೆ. ಉಣ್ಣೆಯಲ್ಲದೆ ಬೇರೇನಿರಲು ಸಾಧ್ಯ?

ಮಾವನ ಕಥೆ ಇಷ್ಟು ದೊಡ್ಡದಲ್ಲ. ಸೇಲಾ ಕೈಬಿಟ್ಟ ಸುದ್ದಿ ಬಂದಾಗ ಅವನ ಲಾರಿ ಹಿಂದೆ ಬರುವ ದಾರಿಯೇ ಮುಚ್ಚಿಹೋಗಿತ್ತು. ಲಾರಿ ಬಿಟ್ಟು, ಹತ್ತಾರು ಜನರ ಜೊತೆ ಭೂತಾನದ ಕಾಡುಗಳ ಕಡೆಗೆ ನಡೆದ. ಮೊದಲ ರಾತ್ರಿಯೇ ಹೊಳೆ ದಾಟಬೇಕಾಯಿತು. ಕ್ಯಾನ್ವಾಸ್ ಶೂ ನೆಂದು, ಕಾಲುಚೀಲ ನೆಂದು, ಬೆಳಗಾಗುವ ಹೊತ್ತಿಗೆ ಶೂ ಮರದ ತುಂಡಿನಂತಾಗಿತ್ತು. ‘ಕಾಲು ಉಂದೋ ಲೇದೋ ತೆಲೀಲೇದು’ ಎನ್ನುತ್ತಿದ್ದ. ಕಾಲು ಇದೆಯೋ ಇಲ್ಲವೋ ತಿಳಿಯಲೇ ಇಲ್ಲ ಎಂದು. ನೋವಿದ್ದಷ್ಟು ಹೊತ್ತು ಭಯವಿತ್ತಂತೆ, ನೋವು ನಿಂತಾಗ ಸಮಾಧಾನವಾಯಿತಂತೆ. ಅಪಾಯವಿದ್ದದ್ದು ಆ ಸಮಾಧಾನದಲ್ಲೇ.

ಚಳಿ ಹೆಚ್ಚಾದಾಗ ದೇಹ ಮೊದಲು ಉಳಿಸಿಕೊಳ್ಳುವುದು ಹೃದಯ, ಮಿದುಳು, ಶ್ವಾಸಕೋಶಗಳನ್ನು. ಕೈಕಾಲಿನ ರಕ್ತನಾಳಗಳನ್ನು ಅದು ಬಿಗಿ ಮಾಡುತ್ತದೆ. ಮನೆಯಲ್ಲಿ ಕಷ್ಟ ಬಂದಾಗ ದೂರದ ನೆಂಟರಿಗೆ ಮೊದಲು ಕತ್ತರಿ ಹಾಕುವ ಹಾಗೆ. ಬಿಸಿರಕ್ತ ಬಾರದ ಬೆರಳಿನಲ್ಲಿ ಜೀವಕೋಶಗಳ ಸುತ್ತಲಿನ ನೀರು ಹರಳಾಗುತ್ತದೆ. ಹರಳುಗಳು ಕೋಶದೊಳಗಿನ ನೀರನ್ನೂ ಸೆಳೆದುಕೊಂಡು ಅದನ್ನು ಒಣಗಿಸುತ್ತವೆ. ಮುಂದೆ ಬೆರಳು ಕರಗಿದಾಗ ರಕ್ತನಾಳಗಳಲ್ಲಿ ಹೆಪ್ಪುಗಳಾಗಿ ಉಳಿದದ್ದೂ ಸಾಯುತ್ತದೆ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರಂತೂ ಹಾನಿ ಬಹಳ ಹೆಚ್ಚು. ಮಾವನಿಗೆ ಆದದ್ದೂ ಅದೇ. ಎರಡನೆಯ ರಾತ್ರಿ ಯಾರೋ ಬೆಂಕಿ ಹಾಕಿದರು. ಕಾಲನ್ನು ಉರಿಗೆ ಒಡ್ಡಿ ಕೂತ. ಸ್ಪರ್ಶವಿಲ್ಲದ ಕಾಲಿಗೆ ಸುಡುವುದು ಹೇಗೆ ತಿಳಿಯಬೇಕು? ಚರ್ಮ ಸುಟ್ಟ ವಾಸನೆ ಬಂದ ಮೇಲೆ ಪಕ್ಕದವನು ಎಳೆದನಂತೆ. ಬೆಳಗ್ಗೆ ಮತ್ತೆ ಹಿಮದಲ್ಲಿ ನಡಿಗೆ.

ಇಂದಿನ ವೈದ್ಯರು ಹೇಳುವುದೇನೆಂದರೆ, ಬೆಂಕಿ ಬೇಡ, ಹಿಮದಿಂದ ಉಜ್ಜುವುದಂತೂ ಬೇಡವೇ ಬೇಡ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗಕ್ಕೆ ತಲುಪಿದ ಮೇಲೆ ಮೈ ಬಿಸಿಯಷ್ಟಿರುವ, 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿ ಕರಗಿಸಬೇಕು. ಈ ಸಾಲನ್ನು ಓದಿ ತೋರಿಸಿದಾಗ ಮಾವ ನಕ್ಕ. ‘ಥರ್ಮಾಮೀಟರು ಲಾರಿಯಲ್ಲೇ ಬಿಟ್ಟುಬಂದಿದ್ದೆ’ ಅಂದ.

ಇದು ನಮ್ಮೊಬ್ಬರದೇ ಕಥೆಯಲ್ಲ ಎಂಬುದೂ ನಿಜ. 1941ರ ಚಳಿಗಾಲದಲ್ಲಿ ಮಾಸ್ಕೋ ಕಡೆ ನುಗ್ಗಿದ ಜರ್ಮನ್ ಸೈನ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹಿಮಹುಣ್ಣಾಯಿತು. ಆ ಚಳಿ ಕಂಡು ಬದುಕಿದವರಿಗೆ ಸರ್ಕಾರ ಪದಕ ಕೊಟ್ಟರೆ, ಸೈನಿಕರು ಅದಕ್ಕೆ ‘ಶೈತ್ಯಾಗಾರದ ಮಾಂಸದ ಪದಕ’ ಎಂದು ಹೆಸರಿಟ್ಟರು. 1950ರ ಕೊನೆಯಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ಅಮೆರಿಕನ್ನರ ಕಾಲಿನಲ್ಲಿದ್ದದ್ದು ಕೆಳಗೆ ರಬ್ಬರು, ಮೇಲೆ ಚರ್ಮದ ಬೂಟು. ಹೊರಗಿನ ನೀರು ಒಳಗೆ ಬರುತ್ತಿರಲಿಲ್ಲ, ಸರಿ. ಆದರೆ ನಡೆಯುವಾಗ ಬೆವರಿದ ಬೆವರು ಹೊರಗೂ ಹೋಗುತ್ತಿರಲಿಲ್ಲ. ನಿಂತರೆ ಸಾಕು, ಅದೇ ಬೆವರು ಒಳಗೆ ಮಂಜಾಗುತ್ತಿತ್ತು. ಎದುರಾಳಿ ಚೀನೀಯರು ತೊಟ್ಟದ್ದು ಹತ್ತಿ ತುಂಬಿ ಹೊಲಿದ ದಪ್ಪ ಕೋಟು. ಒಣಗಿರುವಾಗ ಅದು ಒಳ್ಳೆಯ ಉಡುಪೇ. ಒಳಗೆ ತುಂಬಿದ ಹತ್ತಿಯಲ್ಲಿ ಗಾಳಿಗೇನು ಕೊರತೆ? ಹೊಳೆ ದಾಟಿ ನೆಂದರೆ ಮಾತ್ರ ಕೋಟೇ ಗಟ್ಟಿಯಾಗುತ್ತಿತ್ತು. ಕಾಲಿಗೆ ಬಟ್ಟೆಯ ಶೂ. ಅವರಲ್ಲಿ ಚಳಿಗೆ ಬಲಿಯಾದವರು ಸಾವಿರ ಸಾವಿರ.

ಕೊರಿಯಾದ ಈ ಪಾಠದಿಂದ ಒಂದು ಜಾಣ ಬೂಟು ಹುಟ್ಟಿತು. ಒಳಗೊಂದು ರಬ್ಬರ್ ಪದರ, ಹೊರಗೊಂದು ರಬ್ಬರ್ ಪದರ, ನಡುವೆ ಉಣ್ಣೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರು. ಕಾಲು ಬೆವರಲಿ, ಹೊರಗೆ ಹಿಮ ಸುರಿಯಲಿ, ನಡುವಿನ ಉಣ್ಣೆ ಮಾತ್ರ ಒಣಗಿರುತ್ತದೆ. ನೋಡಲು ದಪ್ಪಗೆ, ಗುಂಡಗೆ ಇದ್ದುದರಿಂದ ಸೈನಿಕರು ಅದನ್ನು ಮಿಕ್ಕಿ ಮೌಸ್ ಬೂಟು ಎಂದರು. ಬೆವರನ್ನು ಹೊರಗೆ ಹಾಕುವ ಗೊಡವೆಗೇ ಹೋಗದೆ, ಕಾವಲು ಕಾಯುವ ಗಾಳಿಯನ್ನು ನೆನೆಯದಂತೆ ಕಾಪಾಡಿದ ಉಪಾಯ ಅದು. ನನ್ನ ಲೆಕ್ಕದಲ್ಲಿ ಈ ಬೂಟು ಹತ್ತನೇ ತರಗತಿ ಭೌತಶಾಸ್ತ್ರದ ಪಠ್ಯದಲ್ಲಿರಬೇಕು.

ಕೊರಿಯಾ ಯುದ್ಧ ನಿಂತ ಮೇಲೆ ಸೆರೆಯಾಳುಗಳ ವಿಚಾರ ಬಗೆಹರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. 1953-54ರ ಕೊರಿಯಾದ ಚಳಿಯನ್ನು ಅವರೂ ಅವರ ಜೊತೆಗಿದ್ದ ಭಾರತೀಯ ಪಡೆಯೂ ಉಂಡವರು. ಅದಕ್ಕೂ ಮೊದಲು, 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ದಾರಿ ತೆರೆದವರೂ ಅವರೇ. ಮುಂದಿನ ಟ್ಯಾಂಕೊಂದರಲ್ಲಿ ತಾವೇ ಕೂತಿದ್ದರು. ಅಂದರೆ ಹಿಮದಲ್ಲಿ ಯುದ್ಧವೆಂದರೇನು ಎಂಬುದನ್ನು ಬಲ್ಲವರು ನಮ್ಮ ಸೈನ್ಯದಲ್ಲಿ ಇರಲಿಲ್ಲವೆಂದಲ್ಲ. ಅವರು 1957ರಿಂದ 1961ರವರೆಗೆ ದಂಡನಾಯಕರೂ ಆಗಿದ್ದರು. ತಿಳಿವಳಿಕೆ ಇತ್ತು. ಅದು ಉಗ್ರಾಣಕ್ಕೆ ಇಳಿದಿರಲಿಲ್ಲ. ಖಾಕಿ ಬಟ್ಟೆಗೂ ಉಣ್ಣೆ ಹೊದಿಕೆಗೂ ಹೆಸರಾದ ಬಿನ್ನಿ ಗಿರಣಿ ನಮ್ಮ ಬೆಂಗಳೂರಿನಲ್ಲೇ ಇತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಆ ನವೆಂಬರಿನಲ್ಲಿ ನನ್ನ ಅಮ್ಮ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ದೇಶದ ಎಲ್ಲ ಕಡೆಯಂತೆ ನಮ್ಮ ಜಿಲ್ಲೆಯ ಶಾಲೆಗಳಲ್ಲೂ ಹುಡುಗಿಯರು ಜವಾನರಿಗೆಂದು ಸ್ವೆಟರ್ ಹೆಣೆದರು. ಅಮ್ಮನಿಗೆ ಸಿಕ್ಕಿದ ಉಣ್ಣೆ ಸಾಲದೆ ಒಂದು ತೋಳು ಹಸಿರು, ಇನ್ನೊಂದು ಕಂದು ಆಯಿತು. ಟೀಚರು ಒಪ್ಪುವುದಿಲ್ಲವೆಂದು ಅಳುತ್ತಾ ಕೊಟ್ಟಳಂತೆ. ಟೀಚರು ಮಾತಾಡದೆ ತೆಗೆದುಕೊಂಡರು. ಅಣ್ಣ ಅದೇ ಗಡಿಯಲ್ಲಿದ್ದಾನೆ, ಅದು ಅವನಿಗೇ ಸಿಕ್ಕಿದರೂ ಸಿಕ್ಕಬಹುದು ಎಂದು ಆಕೆಯ ಎಣಿಕೆ. ಚೀನಾ ಕದನವಿರಾಮ ಸಾರಿದ್ದು ನವೆಂಬರ್ 21ಕ್ಕೆ.

ಎಷ್ಟೋ ವರ್ಷಗಳ ನಂತರ, ಮಾವ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದಾಗ ಅಮ್ಮ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ‘ನಿಮಗೆ ಸ್ವೆಟರ್ ಬರಲಿಲ್ಲವಾ ಅಣ್ಣಾ?’

‘ಬಂತಲ್ಲ. ಆಸ್ಪತ್ರೆಗೆ. ಬೆರಳು ಕತ್ತರಿಸಿ ನಾಲ್ಕು ದಿನ ಆಗಿತ್ತು.’

‘ಬಣ್ಣ?’

‘ಯಾವುದೋ ನೀಲಿ.’

ಅಮ್ಮ ಒಳಗೆ ಎದ್ದುಹೋದಳು. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಮಾವ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಡಿಪೋದಲ್ಲಿ ಬಿಟ್ಟ ಗೊಂಗಡಿಯ ಬದಲು ಅಜ್ಜಿ ಇನ್ನೊಂದು ನೇಯಿಸಿದ್ದಳು. ಬೇಸಿಗೆಯಲ್ಲೂ ಅದನ್ನು ಕಾಲಮೇಲೆ ಹಾಕಿಕೊಂಡೇ ಮಲಗುತ್ತಿದ್ದ. ಒಮ್ಮೆ ಹಿಮಹುಣ್ಣಾದ ಕಾಲಿಗೆ ಜೀವಮಾನವಿಡೀ ಚಳಿ ಬೇಗ ತಾಕುತ್ತದೆ. ಅದಕ್ಕೂ ವೈದ್ಯಶಾಸ್ತ್ರದಲ್ಲಿ ಕಾರಣವಿದೆ: ರಕ್ತನಾಳಗಳೂ ನರಗಳೂ ಮೊದಲಿನಂತಾಗುವುದಿಲ್ಲ.

1962ರ ನಂತರ ಬಹಳ ಬದಲಾಯಿತು. 1984ರ ಏಪ್ರಿಲ್ 13ರಂದು ನಮ್ಮ ಸೈನಿಕರು ಸಿಯಾಚಿನ್ ಹಿಮನದಿಯ ಮೇಲಿನ ಕಣಿವೆಗೆ ಇಳಿದಾಗ, ವಿದೇಶದಿಂದ ತರಿಸಿದ ಚಳಿ ಉಡುಪು ಬಂದು ತಲುಪಿದ್ದು ಹಿಂದಿನ ಸಂಜೆ. ಒಂದು ರಾತ್ರಿ ಮುಂಚೆ ಎಂದು ಬೇಕಾದರೆ ನಗಬಹುದು. ಒಂದು ತಿಂಗಳು ತಡವಾಗಿ ಬರುವುದಕ್ಕಿಂತ ಅದು ಎಷ್ಟೋ ವಾಸಿ. ಅದೇ ಸಿಯಾಚಿನ್‌ನಲ್ಲಿ 2016ರ ಫೆಬ್ರವರಿ 3ರಂದು ಹಿಮಗೋಡೆ ಕುಸಿದಾಗ, ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಿದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಶಾಲೆಯ ಮಕ್ಕಳು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ದಿನವೂ ಅವರ ಸುದ್ದಿ ಓದಿಸುತ್ತಿದ್ದರು.

2020ರಲ್ಲಿ ಸಂಸತ್ತಿನ ಮುಂದಿಟ್ಟ ಮಹಾಲೇಖಪಾಲರ ವರದಿಯಲ್ಲಿ, ಅತಿ ಎತ್ತರದ ಗಡಿಗಳ ಸೈನಿಕರಿಗೆ ಹಿಮದ ಕನ್ನಡಕ, ಬೂಟುಗಳನ್ನು ಒದಗಿಸುವಲ್ಲಿ ತಡ, ಕೊರತೆ ಆಗಿತ್ತೆಂಬ ಮಾತು ಬಂತು. ಪತ್ರಿಕೆಯಲ್ಲಿ ಬಂದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಕೂತಿದ್ದಳು. ‘ಎಷ್ಟು ಬೇಕಂತೆ?’ ಎಂದು ಕೇಳಿದಳು. ನಾನು ಮುಂದಿನ ಸುದ್ದಿಗೆ ಹೋದೆ.

ಮಾಲೂರಿನ ಓದುಗರಿಗೆ ಉತ್ತರ ಬಾಕಿಯಿದೆ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯವರು ಮೊನ್ನೆ ಇದನ್ನೇ ಪರೀಕ್ಷಿಸಿದರು. ಒಂದೇ ಅಳತೆಯ ಮೂರು ಸ್ಟೀಲ್ ಲೋಟ, ಒಂದೇ ಪಾತ್ರೆಯ ಬಿಸಿನೀರು. ಒಂದಕ್ಕೆ ಒಣ ಪಂಚೆ, ಇನ್ನೊಂದಕ್ಕೆ ನೆಂದ ಪಂಚೆ, ಮೂರನೆಯದಕ್ಕೆ ನೆನೆಸಿ ಹಿಂಡಿದ ಕಂಬಳಿ ತುಂಡು. ಕಂಬಳಿಯನ್ನು ಮಾವನ ಗೊಂಗಡಿಯ ಅಂಚಿನಿಂದ ಕತ್ತರಿಸಿದ್ದು. ಮಾವನಿದ್ದಿದ್ದರೆ ಬೈಯುತ್ತಿದ್ದ. ನೆಂದ ಪಂಚೆಯ ಲೋಟ ಎಲ್ಲಕ್ಕಿಂತ ಮೊದಲು ತಣಿಯಿತು, ಕಂಬಳಿಯದು ಬಹಳ ಹೊತ್ತು ತಡೆಯಿತು. ಗೆದ್ದೆವೆಂದು ಚಪ್ಪಾಳೆ ತಟ್ಟುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸಾರ್, ಕಂಬಳಿ ದಪ್ಪ ಇದೆಯಲ್ಲ, ಅದು ಮೋಸ’ ಎಂದಳು. ಸರಿಯಾದ ಮಾತು. ಪಂಚೆಯನ್ನು ಕಂಬಳಿಯಷ್ಟೇ ದಪ್ಪಕ್ಕೆ ಮಡಿಸಿ ಮತ್ತೆ ನೆನೆಸಿ ಮಾಡಿದೆವು. ಅಂತರ ಕಡಿಮೆಯಾಯಿತು, ಆದರೆ ಅಳಿಸಿಹೋಗಲಿಲ್ಲ. ಎರಡಕ್ಕೂ ಸಮತೂಕದ ನೀರು ಹಾಕಬೇಕಿತ್ತು ಎಂದು ಅದೇ ಹುಡುಗಿ ಈಗ ತಕರಾರು ತೆಗೆದಿದ್ದಾಳೆ. ತಕ್ಕಡಿಯನ್ನು ಪಕ್ಕದ ಅಂಗಡಿಯಿಂದ ಸೋಮವಾರ ತರುವುದೆಂದು ಗೊತ್ತಾಗಿದೆ.